ಒಂಬತ್ತು ಹತ್ತಕ್ಕೆ

ದೂರು ಬರೆದವಳು ಮಗಳು, ಸೊರಖಾ:
"ರಾತ್ರಿ ಒಂಬತ್ತಾದರೆ ಇಂಟರ್ನೆಟ್ ಸಾಯುತ್ತದೆ.
ಜೂನಿಗೆ ನನ್ನ ಪರೀಕ್ಷೆ. ದಯವಿಟ್ಟು."

ಲೀಟ್ರಿಮ್‌ನ ಆ ಮೂಲೆಯಲ್ಲಿ
ರಸ್ತೆ ಮುಗಿದ ಮೇಲೆ ಕೆಸರು, ಕೆಸರು ಮುಗಿದ ಮೇಲೆ ಮನೆ.
ಇಪ್ಪತ್ತಾರು ದನ. ಒಂದು ನಾಯಿ,
ನನ್ನನ್ನು ನಂಬಿತು, ಏಣಿಯನ್ನು ನಂಬಲಿಲ್ಲ.

ಅಪ್ಪ ಫಿಂಟನ್ ಮಾತಿನಲ್ಲಿ ಜಿಪುಣ.
ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲಿಟ್ಟ,
ಗೊಬ್ಬರದ ಕಂಪನಿ ಪುಕ್ಕಟೆ ಕೊಟ್ಟದ್ದು.
ಯಾವ ಹಸು ಯಾವತ್ತು ಕರು ಹಾಕೀತು ಎನ್ನುವ ಲೆಕ್ಕದ ನಡುವೆ
ಸಣ್ಣ ಪೆನ್ಸಿಲ್ ಅಕ್ಷರ:
ಮಂಗಳವಾರ ಒಂಬತ್ತು ಹತ್ತು. ಶುಕ್ರವಾರ ಒಂಬತ್ತು ಹತ್ತು.
ಮತ್ತೆ ಮಂಗಳವಾರ.
ಫೆಬ್ರವರಿಯಲ್ಲಿ ಒಂದೇ ಒಂದು ಸಲ ಒಂಬತ್ತು ಮೂವತ್ತೈದು,
ಅದರ ಕೆಳಗೆ ಎರಡು ಗೆರೆ, ಕಾಗದ ಹರಿಯುವಷ್ಟು ಒತ್ತಿ.

ಇಷ್ಟು ಶಿಸ್ತಿನ ದೋಷ ನಾನು ಕಂಡಿರಲಿಲ್ಲ.
ಮಳೆ ಗಡಿಯಾರ ನೋಡುವುದಿಲ್ಲ,
ಇಲಿಗೆ ಶುಕ್ರವಾರ ಗೊತ್ತಿಲ್ಲ.

ಕಂಬ ನೋಡಿದೆ, ಹಸನಾಗಿತ್ತು.
ಅಡುಗೆಮನೆಯ ಫೋನಿಗೆ ಫಿಲ್ಟರ್ ಇತ್ತು.
ಆದರೆ ಪೆಟ್ಟಿಗೆಯ ಒಳಗಿಂದ ಇನ್ನೊಂದು ತಂತಿ
ಯಾರಿಗೂ ಹೇಳದೆ ಹೊರಟಿತ್ತು:
ಕಿಟಕಿಯ ಸಂದಿ, ನೀರಿನ ದೋಣಿ, ಅಂಗಳದ ಮೇಲೆ ಒಂದು ಜಿಗಿತ,
ಹಾಲು ಕರೆಯುವ ಕೊಟ್ಟಿಗೆ.

ಅಲ್ಲಿ ಗೋಡೆಗೊಂದು ಹಳೇ ಫೋನ್.
ಮೈಯೆಲ್ಲ ಹೊಟ್ಟಿನ ಧೂಳು,
ರಿಸೀವರ್ ಮಾತ್ರ ಕೈತಾಗಿ ತಾಗಿ ಹೊಳಪು.
ಪಕ್ಕದಲ್ಲಿ ಬೋರಲು ಬಕೆಟ್ಟು, ಬಕೆಟ್ಟಿನ ಮೇಲೆ ದಿಂಬು.

"ಅದು ಕೆಲಸ ಮಾಡಲ್ಲ," ಬೆನ್ನ ಹಿಂದೆ ಅಟ್ರ್ಯಾಕ್ಟಾ.
ಎತ್ತಿದೆ. ಗುಂಯ್ ಎಂದಿತು.
ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ಕೇಳಿದೆವು.

ಆಮೇಲೆ ಹೇಳಿದಳು. ಅವನ ತಂಗಿ, ಡಿಂಪ್ನಾ.
ಅಪ್ಪ ಬಿಟ್ಟುಹೋದ ಒಂದು ಜೌಗು ಹೊಲ,
ಕುರಿಯೂ ಮೂತಿ ತಿರುಗಿಸುವಂಥದ್ದು,
ಅದಕ್ಕಾಗಿ ಹನ್ನೊಂದು ವರ್ಷದಿಂದ ಹೊಕ್ಕುಬಳಕೆ ಇಲ್ಲ.
ಚರ್ಚಿನಲ್ಲಿ ಎದುರಾದರೂ ಮುಖ ಕೊಡುವುದಿಲ್ಲ.
"ಇವನ ಬಿಪಿ ಎಷ್ಟು ಅಂತ ಅವಳಿಗೆ ಹೇಳುತ್ತೇನೆ.
ಅವಳ ಮಂಡಿ ಹೇಗಿದೆ ಅಂತ ಕೇಳುತ್ತೇನೆ.
ಇವನಿಗೆ ಹೇಳುವುದಿಲ್ಲ. ಅಷ್ಟೇ."

ತಾಮ್ರದ ಎರಡೇ ಎಳೆ, ನೋಡಿ.
ಕೆಳಗೆ ಮಾತು ತೆವಳುತ್ತದೆ, ಮೇಲೆ ಉಳಿದ ಲೋಕ ಓಡುತ್ತದೆ.
ನಡುವೆ ಒಂದು ಜರಡಿ ಇಲ್ಲದಿದ್ದರೆ
ಇವಳು ಇಲ್ಲಿ ಹಲೋ ಎಂದಾಗ
ಅಲ್ಲಿ ಸೊರಖಾಳ ರಸಾಯನಶಾಸ್ತ್ರ ಮುಗ್ಗರಿಸುತ್ತದೆ.

ಬೆಂಕಿಪೊಟ್ಟಣದಷ್ಟು ಬಿಳಿ ಡಬ್ಬಿ, ಗೇಣುದ್ದ ಬಾಲ.
ಸಿಕ್ಕಿಸಿದೆ. ನಾಲ್ಕು ಯೂರೋ ಬೆಲೆ, ಲೆಕ್ಕಕ್ಕೆ ಹಿಡಿಯಲಿಲ್ಲ.
"ಇನ್ನು ನೀವು ಮಾತಾಡಿದ್ದು
ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ," ಎಂದೆ.
ಕಾಗದದಲ್ಲಿ ಬರೆದೆ: ಕಾರಣ, ತೇವ.
ಆ ಸೀಮೆಯಲ್ಲಿ ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಮೂರು ವಾರ ಕಳೆದು ಫಿಂಟನ್ನನ ಕರೆ. ನನ್ನ ನಂಬರಿಗೇ.
ಲೈನು ಚೆನ್ನಾಗಿದೆ, ಎಂದ.
ಮಗಳು ಓದುತ್ತಾಳೆ, ಎಂದ.
ಮಾತು ಮುಗಿದಿರಲಿಲ್ಲ; ಅವನ ಉಸಿರು ಕೇಳುತ್ತಿತ್ತು.
"ಒಂಬತ್ತು ಹತ್ತಕ್ಕೆ ಏನೂ ಬೀಳುವುದಿಲ್ಲ ಈಗ."
"ಒಳ್ಳೆಯದಲ್ಲವೇ?"
"ಒಳ್ಳೆಯದೇ."
ನಾಯಿ ಬೊಗಳಿತು, ಯಾವುದೋ ಬಾಗಿಲು.
"ಆಚೆ ಕಡೆಯವರು... ಇದ್ದಾರೆ ತಾನೇ?"

ಆಗ ನನಗೆ ಆ ಎರಡು ಗೆರೆ ಅರ್ಥವಾದವು.
ಇಪ್ಪತ್ತೈದು ನಿಮಿಷ, ಫೆಬ್ರವರಿಯ ರಾತ್ರಿ,
ಪರದೆಯ ಮೇಲೆ ದನದ ಸಂತೆಯ ದರ ತೆರೆದುಕೊಂಡು
ಅದು ನಿಲ್ಲಲೆಂದು ಕಾಯುತ್ತ ಕೂತ ಗಂಡಸು.

ಅಡುಗೆಮನೆಯ ಫೋನೂ ಅದೇ ಲೈನು,
ಎತ್ತಿದರೆ ಎರಡು ದನಿಯೂ ಕೇಳುತ್ತವೆ, ಮೂರನೆಯದೂ ಸೇರಬಹುದು.
ಇದು ಕಂಪನಿಯ ಕೈಪಿಡಿಯಲ್ಲಿಲ್ಲ.
ನಾಲಿಗೆಯ ತುದಿಗೆ ಬಂತು.

"ಇದ್ದಾರೆ," ಎಂದೆ. "ಮಂಡಿನೋವಂತೆ."

"ಎಡಗಾಲೋ?" ಎಂದ.